ಬಲ್ಬ್ ಒತ್ತಿದರೆ ಓಡುವ ಔಟ್‌ಬೋರ್ಡ್ ಮೋಟರ್

ನಿಮ್ಮ ದೋಣಿಯ ಹಿಂದೆ ಕಟ್ಟಿದ ಔಟ್‌ಬೋರ್ಡ್ ಮೋಟರ್ ಫುಲ್ ಥ್ರಾಟಲ್‌ನಲ್ಲಿ ಐದು ನಿಮಿಷ ಓಡಿ ನಿಲ್ಲುತ್ತದೆ, ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನಲ್ಲಿರುವ, ಕೈಯಲ್ಲಿ ಒತ್ತುವ ರಬ್ಬರ್ ಉಂಡೆ) ಒತ್ತಿದರೆ ಮತ್ತೆ ಓಡುತ್ತದೆ ಅಂದಿದ್ದೀರಿ. ಹಾಗಾದರೆ ಕಾರ್ಬ್ಯುರೇಟರ್ ಬಿಚ್ಚಲು ಅವಸರ ಬೇಡ. ಪೆಟ್ರೋಲ್ ಅಲ್ಲಿಗೆ ಸರಿಯಾಗಿ ತಲುಪುತ್ತಿಲ್ಲ, ಅಷ್ಟೇ.

ಮೋಟರ್ ಸಾಯುವ ಹೊತ್ತಿಗೆ ಬಲ್ಬ್ ನೋಡಿ. ಒಳಕ್ಕೆ ಚಪ್ಪಟೆಯಾಗಿದ್ದರೆ ಟ್ಯಾಂಕ್ ಕಡೆ ಅಡ್ಡಿ ಇದೆ. ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಹೆಚ್ಚಾಗಿ ತಪ್ಪಿತಸ್ಥ ಅದೇ! ತೆರೆದಿದ್ದರೆ ಟ್ಯಾಂಕ್ ಒಳಗಿನ ಜಾಲರಿಯಲ್ಲಿ ಕಸ ಕಟ್ಟಿರಬಹುದು. ಹಳೇ ಪೈಪಿನ ಒಳಪದರ ಸುಲಿದು ದಾರಿ ಮುಚ್ಚುವುದೂ ಉಂಟು, ಹೊರಗಿಂದ ಗೊತ್ತೇ ಆಗಲ್ಲ.

ಬಲ್ಬ್ ಚಪ್ಪಟೆಯಾಗದೆ ಸುಮ್ನೆ ಮೆತ್ತಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಪೈಪ್ ಕನೆಕ್ಟರ್‌ನ ಓ-ರಿಂಗ್ (ರಬ್ಬರ್ ಉಂಗುರ), ಪೈಪ್ ಬಿಗಿಯುವ ಕ್ಲಾಂಪ್‌ಗಳನ್ನು ನೋಡಿ. ಅವು ಸರಿಯಿದ್ದರೆ ಬಲ್ಬ್‌ನ ವಾಲ್ವ್ ಅಥವಾ ಫ್ಯುಯೆಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹೋಗಿರಬಹುದು. ಅಂದಹಾಗೆ, ಪೆಟ್ರೋಲ್ ಹರಿಯುವ ದಿಕ್ಕು ತೋರಿಸುವ ಬಲ್ಬ್ ಮೇಲಿನ ಬಾಣ ಮೋಟರ್ ಕಡೆಗೇ ಇದೆ ಅಲ್ವಾ?