ಮೊದಲು ಬೂಟು ನೋಡಿ

ಪ್ರಶ್ನೆ: ಬ್ರಿಟನ್ನಿನ ಹಳೇ ಸಂಗೀತ ಪತ್ರಿಕೆಗಳಲ್ಲಿ ಪಂಕ್, ಸ್ಕಿನ್‌ಹೆಡ್, ರೇವ್ ಎಂಬ ಯುವ ಗುಂಪುಗಳ ಹುಡುಗ ಹುಡುಗಿಯರ ಫೋಟೋ ನೋಡುತ್ತಿರುತ್ತೇನೆ. ಅವರು ನಿಜಕ್ಕೂ ಹಾಗೇ ಇದ್ದರಾ? ಇಲ್ಲ, ಪತ್ರಿಕೆಯವರೇ ಬಟ್ಟೆ ತೊಡಿಸಿ ನಿಲ್ಲಿಸಿದರಾ?

ಉತ್ತರ: ಎರಡೂ ನಡೆದಿದೆ. ಬ್ಯಾಂಡ್‌ಗಳ ಹಿಂದೆ ಇಪ್ಪತ್ತು ವರ್ಷ ಕ್ಯಾಮೆರಾ ಹೊತ್ತು ತಿರುಗಿದವನು ನಾನು. ನಿಮ್ಮ ಪತ್ರ ಓದಿ ಸ್ವಲ್ಪ ಕಸಿವಿಸಿಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಫ್ಯಾಷನ್ ಪತ್ರಿಕೆ ಬ್ರಿಟಿಷ್ ವೋಗ್‌ನಲ್ಲಿ ಕಲಾ ನಿರ್ದೇಶಕರಾಗಿದ್ದ ಟೆರ್ರಿ ಜೋನ್ಸ್ 1980ರಲ್ಲಿ ‘ಐ-ಡಿ’ ಶುರು ಮಾಡಿದರು. ಪುಟಗಳಿಗೆ ಕೈಯಲ್ಲೇ ಪಿನ್ ಹೊಡೆದ ಪತ್ರಿಕೆ. ಅದಕ್ಕೆ ಸ್ಟೀವ್ ಜಾನ್‌ಸ್ಟನ್ ತೆಗೆದ ಚಿತ್ರಗಳನ್ನು ಹುಡುಕಿ ನೋಡಿ. ಬೀದಿಯಲ್ಲಿ ಸಿಕ್ಕವರನ್ನು ಬರೀ ಗೋಡೆಯ ಮುಂದೆ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ಒಂದು ಫೋಟೋ. ಪಕ್ಕದಲ್ಲಿ ಯಾವ ಬಟ್ಟೆ ಎಲ್ಲಿಂದ ಬಂತು ಎಂಬ ವಿವರ. ಈ ಬಗೆಗೆ ‘ಸ್ಟ್ರೇಟ್ ಅಪ್’ ಎಂಬ ಹೆಸರೇ ಬಿತ್ತು.

ಇದರಲ್ಲೇನು ವಿಶೇಷ ಅಂತೀರಾ? ಕಾಲಿದೆಯಲ್ಲ, ಅದೇ ವಿಶೇಷ. ಪಂಕ್ ಹುಡುಗನ ಮುಖವನ್ನಷ್ಟೇ ತೆಗೆದರೆ ಓದುಗನಿಗೆ ಕಾಣುವುದು ಕೂದಲು ಮಾತ್ರ. ಸ್ಕಿನ್‌ಹೆಡ್‌ಗಳು ಜೀನ್ಸನ್ನು ಮೇಲಕ್ಕೆ ಮಡಚುತ್ತಿದ್ದದ್ದೇ ಬೂಟು ಪೂರ್ತಿ ಕಾಣಲಿ ಅಂತ. ಸೊಂಟಕ್ಕೇ ಚೌಕಟ್ಟು ಮುಗಿಸಿದರೆ ಅವರು ಹೇಳಹೊರಟ ಮಾತನ್ನು ಅರ್ಧಕ್ಕೇ ತಡೆದ ಹಾಗೆ. ಪೂರ್ತಿ ನಿಲ್ಲಿಸಿದಾಗ ಏನು ಮುಖ್ಯ, ಏನು ಅಲ್ಲ ಅಂತ ನಿರ್ಧರಿಸುವವರು ಅವರೇ. ಫೋಟೋಗ್ರಾಫರ್ ಬಾಯಿ ಮುಚ್ಚಿಕೊಂಡಿರುತ್ತಾನೆ. ನಮ್ಮ ಕಸುಬಿನವರಿಗೆ ಅದೇ ಎಲ್ಲಕ್ಕಿಂತ ಕಷ್ಟ!

ಅದೇ ವರ್ಷ ಮೇ ತಿಂಗಳಲ್ಲಿ ‘ದಿ ಫೇಸ್’ ಬಂತು. ಎನ್‌ಎಂಇ ಎಂಬ ಸಂಗೀತ ವಾರಪತ್ರಿಕೆಯ ಸಂಪಾದಕರಾಗಿದ್ದ ನಿಕ್ ಲೋಗನ್ ತಮ್ಮ ಉಳಿತಾಯದ ದುಡ್ಡು ಹಾಕಿ ತಂದ ಪತ್ರಿಕೆ. ಮೊದಲ ಮುಖಪುಟದಲ್ಲಿ ದಿ ಸ್ಪೆಷಲ್ಸ್ ಬ್ಯಾಂಡ್‌ನ ಜೆರ್ರಿ ಡ್ಯಾಮರ್ಸ್. ಆಗಿನ್ನೂ ಬೀದಿಯಲ್ಲಿ ಇದ್ದದ್ದು ಪುಟಕ್ಕೆ ಬರುತ್ತಿತ್ತು.

ದಾರಿ ತಿರುಗಿದ್ದು ರೇ ಪೆಟ್ರಿ ಬಂದ ಮೇಲೆ. ಅವರು ಸ್ಟೈಲಿಸ್ಟ್, ಅಂದರೆ ಫೋಟೋಗೆ ಯಾರು ಏನು ತೊಡಬೇಕು ಅಂತ ನಿರ್ಧರಿಸುವವರು. ಅವರ ಗೆಳೆಯರ ಬಳಗಕ್ಕೆ ‘ಬಫಲೋ’ ಅಂತ ಹೆಸರು. ವಿಮಾನದ ಪೈಲಟ್‌ಗಳು ಹಾಕುತ್ತಿದ್ದ ಎಂಎ-1 ಜಾಕೆಟ್, ದಪ್ಪ ಬೂಟು, ಆಟದ ಬಟ್ಟೆ, ಗಂಡಸರಿಗೆ ಲಂಗ! ‘ದಿ ಫೇಸ್’ನ 1985ರ ಮಾರ್ಚ್ ಮುಖಪುಟದಲ್ಲಿ ಒಬ್ಬ ಪುಟ್ಟ ಹುಡುಗ. ಅವನ ಟೋಪಿಗೆ ಸಿಕ್ಕಿಸಿದ ಪೇಪರ್ ಚೂರಿನ ಮೇಲೆ ‘ಕಿಲ್ಲರ್’ ಎಂಬ ಪದ. ಫೋಟೋ ಜೇಮೀ ಮಾರ್ಗನ್ ಅವರದು. ಹಾಗೆ ಉಡುವ ಗುಂಪು ಮೊದಲು ಯಾವ ಬೀದಿಯಲ್ಲೂ ಇರಲಿಲ್ಲ. ಫೋಟೋ ಬಂತು, ಆಮೇಲೆ ಲಂಡನ್ನಿನ ಹುಡುಗರು ಎಂಎ-1 ಹಾಕಿಕೊಂಡು ಓಡಾಡಿದರು. ಇದನ್ನು ಮೋಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಚಿತ್ರಗಳು ಅಷ್ಟು ಚೆನ್ನಾಗಿವೆ.

ತಕರಾರಿರುವುದು ಅದೇ ಪತ್ರಿಕೆಯ 1990ರ ಜುಲೈ ಸಂಚಿಕೆಯ ಬಗ್ಗೆ. ರೇವ್ ಕುಣಿತದ ಕಾಲ. ಮುಖಪುಟದಲ್ಲಿ 16 ವರ್ಷದ ಮಾಡೆಲ್ ಕೇಟ್ ಮಾಸ್, ತಲೆಗೆ ಗರಿಗಳ ಕಿರೀಟ. ಕಾರಿನ್ ಡೇ ತೆಗೆದದ್ದು, ಉಡುಪು ಮೆಲನಿ ವಾರ್ಡ್ ಅವರದು. ಒಳಪುಟಗಳಲ್ಲಿ ಸಮುದ್ರದ ದಂಡೆ, ನಗು, ಮರಳು. ಚೆಂದವೇ, ಸುಳ್ಳು ಹೇಳುವುದಿಲ್ಲ. ಆದರೆ ರೇವ್ ಅಂದರೆ ಜನಜಂಗುಳಿ, ಬೆವರು, ಕತ್ತಲು, ಬೆಳಗಿನ ಜಾವ ಮನೆಗೆ ಹೋಗುವ ದಾರಿಯ ಚಳಿ. ಸಾವಿರಾರು ಜನರ ಆ ಕಾಲಕ್ಕೆ ಇಂದು ಒಬ್ಬಳೇ ಹುಡುಗಿಯ ಮುಖ ಉಳಿದಿದೆ, ಅಲ್ವಾ?

ಈಗ ಕಸಿವಿಸಿಯ ಕತೆ. ಒಮ್ಮೆ ಮೆಟಲ್ ಸಂಗೀತದ ಅಭಿಮಾನಿಗಳ ಫೋಟೋ ತರಲು ಸಂಪಾದಕರೊಬ್ಬರು ಕಳಿಸಿದ್ದರು. ಆರು ಜನ ಸಾಲಾಗಿ ನಿಂತರು. ಐವರು ಕಪ್ಪು ಟಿ-ಶರ್ಟ್, ಉದ್ದ ಕೂದಲು. ಆರನೆಯವನು ಕೆಲಸದಿಂದ ನೇರ ಬಂದವನು. ಇಸ್ತ್ರಿ ಅಂಗಿ, ಜೇಬಲ್ಲಿ ಪೆನ್ನು. ಅವನು ಹೊರಗುಳಿಯುವ ಹಾಗೆ ನಾನು ಫೋಟೋ ಕತ್ತರಿಸಿದೆ. ಅಚ್ಚಾದ ಮೇಲೆ ತಿಳಿಯಿತು. ಉಳಿದ ಐವರಿಗೂ ಕ್ಯಾಸೆಟ್ ಕೊಟ್ಟು ಆ ಸಂಗೀತದ ಹುಚ್ಚು ಹಿಡಿಸಿದವನೇ ಅವನು. ಸುಳ್ಳು ಬಟ್ಟೆ ತೊಡಿಸಲಿಲ್ಲ, ಒಂದು ಗೆರೆ ಎಳೆದೆ ಅಷ್ಟೇ. ಅದರ ನೆಗೆಟಿವ್ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಅವನೊಬ್ಬನೇ ನಗುತ್ತಿದ್ದಾನೆ.

ಪ್ರಶ್ನೆ: ಸ್ಟೈಲಿಸ್ಟ್ ತೊಡಿಸಿದ ಬಟ್ಟೆಯೋ, ಸ್ವಂತದ್ದೋ ಅಂತ ಫೋಟೋ ನೋಡಿ ಗುರುತಿಸುವುದು ಹೇಗೆ?

ಉತ್ತರ: ಬೂಟು ನೋಡಿ. ದಿನಾ ಹಾಕುವ ಬೂಟಿಗೆ ಬೆರಳು ಬಾಗುವ ಕಡೆ ಮಡಿಕೆ ಬಿದ್ದಿರುತ್ತದೆ. ಹಿಮ್ಮಡಿ ಒಂದು ಬದಿಗೆ ಸವೆದಿರುತ್ತದೆ. ಜಾಕೆಟ್ ಆದರೆ ಮೊಣಕೈ ನೋಡಿ. ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರಲ್ಲ, ಅದನ್ನೂ ಓದಿ. ಅಲ್ಲಿ ಸ್ಟೈಲಿಸ್ಟ್ ಹೆಸರಿದ್ದರೆ ಜಾಸ್ತಿ ಯೋಚಿಸಬೇಕಿಲ್ಲ, ಅವರು ತೊಡಿಸಿದ್ದೇ. ಸ್ಟೈಲಿಸ್ಟ್‌ಗಳು ಹಳೇ ಬೂಟನ್ನೂ ತರುತ್ತಾರೆ, ಹಾಗಾಗಿ ನಾನೂ ಎಷ್ಟೋ ಸಲ ಏಮಾರಿದ್ದೇನೆ.

ಪ್ರಶ್ನೆ: ಗೆಳೆಯರ ಬ್ಯಾಂಡ್‌ನ ಫೋಟೋ ತೆಗೆದಿದ್ದೇನೆ. ಎಲ್ಲ ಮಸುಕು. ಪತ್ರಿಕೆಗೆ ಕಳಿಸಲಾ?

ಉತ್ತರ: ಕಳಿಸಿ. 1979ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ವೇದಿಕೆಯಲ್ಲಿ ದಿ ಕ್ಲ್ಯಾಶ್ ತಂಡದ ಪಾಲ್ ಸಿಮೊನನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಬಡಿದ. ಪೆನ್ನಿ ಸ್ಮಿತ್ ಹಿಂದೆ ಸರಿಯುತ್ತಲೇ ಕ್ಲಿಕ್ಕಿಸಿದರು. ಚಿತ್ರ ಫೋಕಸ್ ಆಗಿರಲಿಲ್ಲ. ಬೇಡ ಅಂತ ಅವರೇ ಹೇಳಿದರೂ ತಂಡದವರು ಕೇಳದೆ ಆಲ್ಬಂ ಹೊದಿಕೆಗೆ ಹಾಕಿದರು. ಇವತ್ತು ರಾಕ್ ಫೋಟೋ ಅಂದ ಕೂಡಲೇ ತುಂಬಾ ಜನಕ್ಕೆ ನೆನಪಾಗುವುದು ಅದೇ. ನಿಮ್ಮದು ಅಷ್ಟು ಚೆನ್ನಾಗಿದೆ ಅಂತ ನೋಡದೆ ಹೇಳಲಾರೆ. ಒಂದು ಮಾತು ಮಾತ್ರ, ಕತ್ತರಿಸದ ಪ್ರತಿಯನ್ನೇ ಕಳಿಸಿ. ಅಂಚಿನಲ್ಲಿ ಯಾರಾದರೂ ನಿಂತಿದ್ದರೆ ಅವರ ಹೆಸರನ್ನೂ ಬರೆದಿರಿ.