ಅಮ್ಮ ಮಾತ್ರೆ ಮುರಿದದ್ದು ಯಾಕೆ?

ಟೆಕ್ಸಸ್‌ನ ಫ್ರಿಸ್ಕೊದಿಂದ ಬಂದ ಪತ್ರ. ಬರೆದವರು ಹದಿನಾರು ವರ್ಷದಿಂದ ಅಲ್ಲಿದ್ದಾರೆ, ಈಗ ಅಮೆರಿಕದ ಪೌರರು. ತಂದೆ ಹೋದ ವರ್ಷ ತೀರಿಕೊಂಡರು. ಶಿವಮೊಗ್ಗದ ಮನೆಯಲ್ಲಿ 71 ವರ್ಷದ ತಾಯಿ ಒಬ್ಬರೇ. ಅವರಿಗೆ ಗ್ರೀನ್ ಕಾರ್ಡ್ ಮಾಡಿಸಿ ಕಾಯಂ ಆಗಿ ಕರೆಸಿಕೊಳ್ಳಬೇಕೆಂಬುದು ಮಗನ ಆಸೆ. ಹೆಂಡತಿ ಒಪ್ಪಿದ್ದಾರೆ. ಭದ್ರಾವತಿಯಲ್ಲಿರುವ ತಂಗಿ ಒಪ್ಪಿಲ್ಲ. ‘ಅಮ್ಮನ್ನ ಅಲ್ಲಿ ಕೂಡಿಹಾಕ್ತೀಯ’ ಅಂದರಂತೆ, ಜಗಳವಾಗಿ ಎರಡು ತಿಂಗಳಿಂದ ಮಾತಿಲ್ಲ. ತಾಯಿಯನ್ನು ಕೇಳಿದರೆ ‘ನಿಂಗೆ ಹೆಂಗೆ ಸರಿಯೋ ಹಂಗೆ ಮಾಡಪ್ಪ’ ಅನ್ನುತ್ತಾರೆ. ತಂಗಿಯನ್ನು ಒಪ್ಪಿಸುವುದು ಹೇಗೆ ಎಂದು ನಿಮ್ಮ ಪ್ರಶ್ನೆ.

ಆ ಉದ್ದದ ಪತ್ರದ ನಡುವೆ ಒಂದು ಸಾಲಿದೆ: ‘ಕಳೆದ ಸಲ ಬಂದಾಗ ಇನ್ನೆರಡು ತಿಂಗಳು ಉಳಿಸಿಕೊಂಡೆವು. ಆಗ ಅಮ್ಮ ಶುಗರ್ ಮಾತ್ರೆ ಅರ್ಧ ಅರ್ಧ ಮಾಡಿ ತಗೊಂಡಿದ್ದರಂತೆ, ವಾಪಸ್ ಹೋದ ಮೇಲೆ ಗೊತ್ತಾಯಿತು.’ ಅಷ್ಟು ಬರೆದು ನೀವು ಮತ್ತೆ ತಂಗಿಯ ವಿಷಯಕ್ಕೆ ಹೊರಳಿದ್ದೀರಿ. ನನಗೆ ಆ ಸಾಲು ದಾಟಲು ಆಗಲಿಲ್ಲ.

ನಿಮ್ಮ ಊಟದ ಮೇಜಿನ ಮೇಲೆಯೇ, ನಿಮ್ಮ ಕಣ್ಣೆದುರಿಗೇ ಎರಡು ತಿಂಗಳು ಅವರು ಮಾತ್ರೆ ಮುರಿದರು. ತಂದದ್ದು ಮುಗಿಯುತ್ತಾ ಬಂದಿತ್ತು. ಕೇಳಿದರೆ ಮಗ ರಜೆ ಹಾಕಿ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಡಾಲರಿನಲ್ಲಿ ಬಿಲ್ಲು ಕಟ್ಟಬೇಕು. ಶಿವಮೊಗ್ಗದಲ್ಲಾದರೆ ಅವರೇ ಚಪ್ಪಲಿ ಮೆಟ್ಟಿಕೊಂಡು ಗಾಂಧಿ ಬಜಾರಿಗೆ ನಡೆದು, ಮೆಡಿಕಲ್ ಶಾಪಿನವನಿಗೆ ಹಳೆ ಸ್ಟ್ರಿಪ್ ತೋರಿಸಿ ತಂದುಕೊಳ್ಳುತ್ತಿದ್ದರು. ಫ್ರಿಸ್ಕೊ ಡಾಲಸ್‌ನ ಡಾರ್ಟ್ ಬಸ್ಸು-ರೈಲಿನ ವ್ಯವಸ್ಥೆಗೆ ಸೇರದ ಊರು. ಕಾರು ಓಡಿಸಲು ಬಾರದವರಿಗೆ ಅಲ್ಲಿ ಒಂದು ಕ್ರೋಸಿನ್ ಬೇಕಾದರೂ ಇನ್ನೊಬ್ಬರ ಬಾಯಿ ನೋಡಬೇಕು. ನಿಮ್ಮ ತಂಗಿ ಒರಟಾಗಿ ಹೇಳಿದ್ದು ಇದನ್ನೇ. ಆಕೆಯ ಮೇಲೆ ನಿಮಗಿರುವ ಸಿಟ್ಟಿನಲ್ಲಿ ನಾನು ಪಾಲು ತೆಗೆದುಕೊಳ್ಳುವುದಿಲ್ಲ.

ಹಿರಿಯರ ಕೈಯಲ್ಲಿ ಮನೆಯ ಬೀಗದ ಕೈ, ಒಂದಿಷ್ಟು ಸ್ವಂತ ದುಡ್ಡು, ಕೆಲಸ ಮಾಡುವ ಒಂದು ಫೋನು ಇರಲೇಬೇಕೆಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಹಿಂದೆ ಬಂದಾಗ ಈ ಮೂರರಲ್ಲಿ ನಿಮ್ಮ ತಾಯಿಯ ಹತ್ತಿರ ಯಾವುದಿತ್ತು? ಪತ್ರದಲ್ಲಿ ಅದರ ಸುಳಿವೇ ಇಲ್ಲ.

ನನಗೆ ಹೆಚ್ಚು ಸಿಟ್ಟು ಬಂದದ್ದು ನಿಮ್ಮ ಸ್ನೇಹಿತರ ಮೇಲೆ. ‘ಟೂರಿಸ್ಟ್ ವೀಸಾದಲ್ಲಿ ಕರೆಸಿ ಇಲ್ಲೇ ಅರ್ಜಿ ಹಾಕ್ಬಿಡಿ, ಕಾರ್ಡ್ ಬಂದ್ರೆ ಮೆಡಿಕೇರ್ ಫ್ರೀ’ ಎಂದರಂತಲ್ಲ, ಎರಡೂ ಮಾತು ತಪ್ಪು. ಕಾಯಂ ಉಳಿಸಿಕೊಳ್ಳುವ ಉದ್ದೇಶ ಇಟ್ಟುಕೊಂಡು, ನೋಡಿ ಹೋಗಲು ಬಂದಿದ್ದೇನೆ ಎಂದು ಅಧಿಕಾರಿಯ ಮುಂದೆ ಹೇಳಿಸುವುದು ಸುಳ್ಳು ಹೇಳಿಸಿದಂತೆ. ಅದರಿಂದ ಅರ್ಜಿಯೇ ತಿರಸ್ಕಾರವಾಗಬಹುದು. ಇನ್ನು ಮೆಡಿಕೇರ್, ಅಂದರೆ ಅಲ್ಲಿನ ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ. ಗ್ರೀನ್ ಕಾರ್ಡ್ ಪಡೆದವರು 65 ದಾಟಿದ್ದರೂ ಅಲ್ಲಿ ಸತತ 5 ವರ್ಷ ವಾಸ ಮಾಡಿದ ಮೇಲೆಯೇ ಸೇರಬಹುದು. ತಾವಾಗಲೀ ಗಂಡನಾಗಲೀ ಅಮೆರಿಕದಲ್ಲಿ ದುಡಿದು 40 ತ್ರೈಮಾಸಿಕಗಳ ತೆರಿಗೆ ಕಟ್ಟಿರದಿದ್ದರೆ ಅದರ ಆಸ್ಪತ್ರೆ ಖರ್ಚಿನ ಭಾಗಕ್ಕೂ ತಿಂಗಳು ತಿಂಗಳು ಕಂತು ಕೊಡಬೇಕು. ಅಂದರೆ ನಿಮ್ಮ ತಾಯಿಗೆ ಕಡಿಮೆಯೆಂದರೂ 76 ಆಗುವವರೆಗೆ ವಿಮೆಯ ಖರ್ಚು ನಿಮ್ಮದೇ.

ಆ ಸ್ನೇಹಿತರು ಹೇಳದೆ ಬಿಟ್ಟದ್ದೂ ಇದೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಓಡಾಡಲು ಗ್ರೀನ್ ಕಾರ್ಡ್ ವೀಸಾ ಅಲ್ಲ. 180 ದಿನ ದಾಟಿ ಹೊರಗಿದ್ದರೆ ವಾಪಸ್ ಬರುವಾಗ ಪ್ರಶ್ನೆ ಏಳುತ್ತದೆ, ಒಂದು ವರ್ಷವಾದರೆ ಬರೀ ಕಾರ್ಡ್ ತೋರಿಸಿ ಒಳಬರಲು ಆಗುವುದಿಲ್ಲ. ಅಮೆರಿಕದಲ್ಲಿದ್ದುಕೊಂಡೇ ಕಾರ್ಡಿಗೆ ಅರ್ಜಿ ಹಾಕಿದ್ದರೆ, ಅದು ಬಾಕಿ ಇರುವಾಗ ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ಆಗ ಶಿವಮೊಗ್ಗದಲ್ಲಿ ನಿಮ್ಮ ತಾಯಿಯ ತಮ್ಮನಿಗೆ ಏನಾದರೂ ಆದರೆ? ಜೊತೆಗೆ, ಕಾರ್ಡ್ ಬಂದ ಮೇಲೆ ಇಲ್ಲಿನ ಕುಟುಂಬ ಪಿಂಚಣಿ, ಎಫ್‌ಡಿ ಬಡ್ಡಿ, ಕೆಳಗಿನ ಮನೆಯ ಬಾಡಿಗೆ ಎಲ್ಲವನ್ನೂ ಅಮೆರಿಕದ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ಇಲ್ಲಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ಇನ್ನೊಂದು ವರದಿ ಸಲ್ಲಿಸಬೇಕು. ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸಬೇಕು. ಗಂಡ ಹೋದ ಮೇಲೆ ಆ ಪಾಸ್‌ಬುಕ್ಕೊಂದನ್ನು ಅವರು ತಾವೇ ನೋಡಿಕೊಳ್ಳುತ್ತಿದ್ದಾರೆ ಎಂದು ನೀವೇ ಮೆಚ್ಚಿ ಬರೆದಿದ್ದೀರಿ. ಅದೂ ನಿಮ್ಮ ಕೈಗೆ ಬರುತ್ತದೆ.

ಆದ್ದರಿಂದ ನನ್ನ ಸಲಹೆ ಒಂದೇ: ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಐ-130 ಅರ್ಜಿ ಈಗ ಹಾಕಬೇಡಿ. ಹಾಕಿದ ಮೇಲೆ ಪ್ರವಾಸಿ ವೀಸಾದಲ್ಲಿ ಬರುವುದು ಕಷ್ಟ, ಇವರು ವಾಪಸ್ ಹೋಗುವವರಲ್ಲ ಎಂದು ಅಧಿಕಾರಿಗಳಿಗೆ ಅನುಮಾನ ಬರುತ್ತದೆ. ಪೌರರ ತಂದೆತಾಯಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇಲ್ಲ, ಇವತ್ತು ಹಾಕದಿದ್ದರೆ ಸರದಿ ತಪ್ಪಿಹೋಗುವುದೂ ಇಲ್ಲ. ಮೊದಲು ಇನ್ನೊಂದು ಸಲ, ನಾಲ್ಕು ತಿಂಗಳಿಗೆ, ವಾಪಸ್ ಟಿಕೆಟ್ ತೆಗೆದೇ ಕರೆಸಿ. ಫೆಬ್ರವರಿಯಿಂದ ಮೇ ಒಳ್ಳೆಯದು. ನವೆಂಬರ್‌ನಲ್ಲಿ ಪಿಂಚಣಿಗೆ ಕೊಡುವ ಲೈಫ್ ಸರ್ಟಿಫಿಕೇಟ್ ಮುಗಿದಿರುತ್ತದೆ, ಟೆಕ್ಸಸ್‌ನ ಉರಿಬೇಸಿಗೆಗೆ ಮುಂಚೆ ಅವರು ಬೆಳಗ್ಗೆ ಹೊರಗೆ ನಡೆಯಬಹುದು.

ಈ ಸಲ ಮಾತ್ರೆಯಿಂದ ಶುರು ಮಾಡಿ. ಸ್ವಂತ ಬಳಕೆಗೆ ಸಾಮಾನ್ಯವಾಗಿ ಒಪ್ಪುವುದು 90 ದಿನಗಳಷ್ಟು ಔಷಧ. ಸ್ಟ್ರಿಪ್ಪಿನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬುವುದು ಬೇಡ. ಬ್ರ್ಯಾಂಡಿನ ಹೆಸರಲ್ಲದೆ ಔಷಧದ ಮೂಲ ಹೆಸರನ್ನೂ ಬರೆದ ಚೀಟಿ ಜೊತೆಗಿರಲಿ. ಉಳಿದ 30 ದಿನಕ್ಕೆ ಅಲ್ಲಿನ ಡಾಕ್ಟರೇ ಬರೆದುಕೊಡಬೇಕು, ಶಿವಮೊಗ್ಗದ ಚೀಟಿಗೆ ಅಲ್ಲಿನ ಫಾರ್ಮಸಿಯವರು ಔಷಧ ಕೊಡುವುದಿಲ್ಲ. ಹಾಗಾಗಿ ಬಂದ ಎರಡನೇ ತಿಂಗಳೇ ಒಬ್ಬ ಡಾಕ್ಟರಿಗೆ ತೋರಿಸಿ, ವಿಮೆ ಇಲ್ಲದೆ ಕೈಯಿಂದ ಕೊಟ್ಟರೆ ಎಷ್ಟು ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಶುಗರಿನ ಮೆಟ್‌ಫಾರ್ಮಿನ್, ಬಿಪಿಯ ಆಮ್ಲೊಡಿಪಿನ್‌ನಂಥವು ಅಲ್ಲೂ ಅಗ್ಗ. ಆದರೆ ಇಲ್ಲಿ ಶುಗರಿಗೆ ಧಾರಾಳವಾಗಿ ಬರೆಯುವ ವಿಲ್ಡಾಗ್ಲಿಪ್ಟಿನ್, ವೊಗ್ಲಿಬೋಸ್ ಅಮೆರಿಕದಲ್ಲಿ ಸಿಗುವುದೇ ಇಲ್ಲ. ಅವು ಇದ್ದರೆ ಬದಲಿ ಯಾವುದೆಂದು ಹೊರಡುವ ಮುಂಚೆ ಇಲ್ಲಿನ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ವಿಸಿಟರ್ ವಿಮೆ ಮೊದಲೇ ಇರುವ ಶುಗರ್, ಬಿಪಿಯ ಮಾಮೂಲಿ ಚಿಕಿತ್ಸೆಗೆ ಬರುವುದಿಲ್ಲ. ಹಠಾತ್ತನೆ ಉಲ್ಬಣವಾದರೆ ಎಷ್ಟು ಕೊಡುತ್ತಾರೆ, 70 ದಾಟಿದವರಿಗೆ ಆ ಮಿತಿ ಎಷ್ಟು, ಇವೆರಡನ್ನು ಓದಿದ ಮೇಲೆ ವಿಮೆ ಕೊಳ್ಳಿ.

ಆಮೇಲೆ ಬೀಗದ ಕೈ. ನಿಮ್ಮದಲ್ಲದ, ಅವರದೇ ಒಂದು. ಅಲ್ಲಿನ ನಂಬರಿರುವ ಫೋನು, ತಿಂಗಳಿಗೆ ಇಷ್ಟು ಎಂದು ಹಾಕಿಟ್ಟ ಕಾರ್ಡು. ಲೆಕ್ಕ ಕೇಳಬೇಡಿ. ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ ವಾರಕ್ಕೆ ಎರಡು ದಿನ, ನಿಮ್ಮ ಬಿಡುವು ನೋಡಿಕೊಂಡಲ್ಲ, ಇಂಥ ವಾರ ಇಷ್ಟು ಗಂಟೆ ಎಂದು ಗೊತ್ತುಮಾಡಿ. ಅಲ್ಲಿ ಕನ್ನಡ ಮಾತಾಡುವ ಒಬ್ಬರು ಗೆಳತಿ ಸಿಕ್ಕರೂ ಸಾಕು. ನಾಲ್ಕು ತಿಂಗಳ ಕೊನೆಗೆ ಅವರು ನಿಮ್ಮನ್ನು ಕೇಳದೆ ಎಲ್ಲಿಗಾದರೂ ಹೋಗಿ ಬರುವಂತಾದರೆ ಆಗ ಅರ್ಜಿಯ ಮಾತು.

ನಿಮ್ಮ ಹೆಂಡತಿಯ ಬಗ್ಗೆ ‘ಒಪ್ಪಿದ್ದಾಳೆ’ ಎಂಬ ಒಂದೇ ಪದ ಇದೆ. ನೀವು ಆಫೀಸಿಗೆ ಹೋಗಿ ಬರುವಾಗ ಮನೆಯಿಂದ ಕೆಲಸ ಮಾಡುವವರು ಅವರು. ಮಧ್ಯಾಹ್ನದ ಬಿಸಿ ಅನ್ನ, ಡಾಕ್ಟರ ಅಪಾಯಿಂಟ್‌ಮೆಂಟು ಎಲ್ಲ ಅವರ ತಲೆಗೇ ಬರುವುದು. ಯಾವುದನ್ನು ತಾನು ಮಾಡಬಲ್ಲೆ, ಯಾವುದು ಆಗುವುದಿಲ್ಲ ಎಂದು ಅವರೇ ಬರೆಯಲಿ, ನೀವು ಓದಿ.

ತಾಯಿಯನ್ನು ನೀವು ಕೇಳಿದರೆ ಮತ್ತೆ ಅದೇ ಉತ್ತರ ಬರುತ್ತದೆ. ತಂಗಿ ಕೇಳಲಿ, ನೀವು ಲೈನಿನಲ್ಲಿ ಇಲ್ಲದಾಗ. ‘ಹೋಗ್ತೀಯಾ?’ ಅಂತ ಬೇಡ, ‘ಅಲ್ಲಿ ಎಷ್ಟು ದಿನ ಇರೋಕೆ ಇಷ್ಟ ಅಮ್ಮಾ?’ ಎನ್ನಲಿ.

ಅದಕ್ಕೆಲ್ಲ ಮುಂಚೆ ಒಂದು ಕೆಲಸ ಇವತ್ತೇ ಆಗಬೇಕು. ನಿಮಗೆ ರಾತ್ರಿಯಾದಾಗ ಇಲ್ಲಿ ಬೆಳಗಾಗಿರುತ್ತದೆ. ತಂಗಿಗೆ ಫೋನ್ ಮಾಡಿ, ಜಗಳದ ಮಾತೆತ್ತದೆ, ಶಿವಮೊಗ್ಗಕ್ಕೆ ಹೋಗಿ ಅಮ್ಮನ ಮಾತ್ರೆ ಡಬ್ಬಿ ತೆರೆದು ನೋಡಲು ಹೇಳಿ. ಹೆಸರಿನ ಮುಂದೆ ಎಸ್‌ಆರ್ ಅಂತಿದ್ದರೆ ಅದು ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆ, ಮುರಿಯಬಾರದ್ದು. ಮುರಿದರೆ ಔಷಧ ಒಮ್ಮೆಲೇ ಇಳಿದು ಹೊಟ್ಟೆ ಕೆಡಿಸಬಹುದು, ದಿನದ ಉಳಿದ ಹೊತ್ತಿಗೆ ಸಾಲದೇ ಹೋಗಬಹುದು. ಡಬ್ಬಿಯಲ್ಲಿ ಈಗಲೂ ಅರ್ಧ ಚೂರುಗಳು ಸಿಕ್ಕರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಳೆದ ಎರಡು-ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಲಿ. ದುಡ್ಡು ನೀವು ಕಳಿಸಿ.