15 ವರ್ಷದ ಮಗಳಿಗೆ ಅನೊರೆಕ್ಸಿಯಾ: ಮೊದಲು ಮನಸ್ಸು ಸರಿಹೋಗಬೇಕೋ, ಊಟ ಶುರುವಾಗಬೇಕೋ?

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡದ್ದು ಇಷ್ಟು. ಮಗಳು ಏಳು ತಿಂಗಳಿಂದ ಊಟ ಕಡಿಮೆ ಮಾಡುತ್ತಾ ಬಂದು ತೀರಾ ಸೊರಗಿದ್ದಾಳೆ, ಮುಟ್ಟು ನಿಂತಿದೆ, ಕೇಳಿದರೆ "ಗ್ಯಾಸ್, ಹೊಟ್ಟೆ ಉಬ್ಬರ" ಅನ್ನುತ್ತಾಳೆ. ಮನೋವೈದ್ಯರು ಇದನ್ನು ಅನೊರೆಕ್ಸಿಯಾ, ಅಂದರೆ ಹೆಚ್ಚಾಗಿ ದಪ್ಪಗಾಗುವ ಭಯದಿಂದ ಊಟ ಬಿಡುತ್ತಾ ಸೊರಗುವ ಮಾನಸಿಕ ಕಾಯಿಲೆ ಎಂದಿದ್ದಾರೆ. ಕೌನ್ಸೆಲರ್ ಒಬ್ಬರು "ಊಟಕ್ಕೆ ಬಲವಂತ ಬೇಡ, ಮೊದಲು ಅವಳು ಮನಸ್ಸು ಬಿಚ್ಚಿ ಮಾತಾಡಲಿ" ಎಂದಿದ್ದಾರೆ. ನಿಮ್ಮ ಅತ್ತೆ "ನೀವೇ ಸಲಿಗೆ ಕೊಟ್ಟು ಹಾಳು ಮಾಡಿದ್ದು" ಅನ್ನುತ್ತಿದ್ದಾರೆ. ಯಾರ ಮಾತು ಕೇಳಬೇಕು ಎಂಬುದು ನಿಮ್ಮ ಗೊಂದಲ.

ಊಟ ಮೊದಲು. ಅವಳು ತಾನಾಗಿ ಒಪ್ಪಲಿ ಎಂದು ಕಾಯುವುದು ಈ ಕಾಯಿಲೆಯಲ್ಲಿ ಅಪಾಯ. ಕಾರಣ ಆಮೇಲೆ ಹೇಳುತ್ತೇನೆ, ಏಕೆಂದರೆ ಅದಕ್ಕಿಂತ ತುರ್ತಾಗಿ ಈ ವಾರವೇ ಒಂದು ಕೆಲಸ ಆಗಬೇಕು.

ಮನೋವೈದ್ಯರ ಜೊತೆಗೆ ಮಕ್ಕಳ ತಜ್ಞರೋ ಫಿಜಿಷಿಯನ್ನೋ ಅವಳನ್ನು ಪರೀಕ್ಷಿಸಬೇಕು. ನಾಡಿ, ಮಲಗಿದ್ದಾಗಿನ ಬಿಪಿ, ಎದ್ದು ನಿಂತಾಗಿನ ಬಿಪಿ, ಮೈಯ ಶಾಖ, ಇಸಿಜಿ, ರಕ್ತದಲ್ಲಿ ಸಕ್ಕರೆ, ಪೊಟ್ಯಾಶಿಯಂ, ಮೆಗ್ನೀಶಿಯಂ, ಫಾಸ್ಫೇಟ್. ಫಾಸ್ಫೇಟ್ ಎಷ್ಟೋ ಸಲ ಪಟ್ಟಿಯಿಂದ ಬಿಟ್ಟುಹೋಗುತ್ತದೆ, ಕೇಳಿ ಬರೆಸಿಕೊಳ್ಳಿ. ಹಗಲು ಎಚ್ಚರವಾಗಿರುವಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ತಲೆಸುತ್ತಿ ಬಿದ್ದರೆ, ನೀರನ್ನೂ ಬೇಡವೆಂದರೆ ಆಸ್ಪತ್ರೆಗೆ ಸೇರಿಸಬೇಕು. ರಕ್ತಪರೀಕ್ಷೆ ನಾರ್ಮಲ್ ಬಂತೆಂದು ನಿರಾಳವಾಗಬೇಡಿ. ದೇಹ ಒಳಗೊಳಗೇ ಕರಗುತ್ತಿದ್ದರೂ ರಕ್ತದ ಅಂಕಿಗಳು ಬಹಳ ಕಾಲ ಸರಿಯಾಗಿಯೇ ಇರಬಲ್ಲವು.

ಇನ್ನೊಂದು ಎಚ್ಚರಿಕೆ. ಬಹಳ ದಿನ ಅರೆಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ಹೆಚ್ಚು ಕೊಟ್ಟರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿದ್ದ ಫಾಸ್ಫೇಟ್ ಜೀವಕೋಶಗಳೊಳಗೆ ಸರಿದು ಹೃದಯದ ಲಯ ತಪ್ಪಬಹುದು. ರೀಫೀಡಿಂಗ್ ಸಿಂಡ್ರೋಮ್ ಅನ್ನುವುದು ಇದಕ್ಕೇ. ಮೊದಲ ಒಂದೆರಡು ವಾರ ಇದರ ಭಯ ಹೆಚ್ಚು. ಹಾಗಾಗಿ ಎಷ್ಟರಿಂದ ಶುರು ಮಾಡಬೇಕು, ಎಷ್ಟು ಬೇಗ ಏರಿಸಬೇಕು ಎಂಬುದನ್ನು ಡಾಕ್ಟರೇ ಹೇಳಲಿ.

ಈಗ ಕಾರಣಕ್ಕೆ ಬರುತ್ತೇನೆ. 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರುಮಾಡಿದರು. ಯುದ್ಧಕ್ಕೆ ಹೋಗಲೊಪ್ಪದ, ದೇಹ ಮನಸ್ಸು ಎರಡೂ ಗಟ್ಟಿಯಾಗಿದ್ದ 36 ಯುವಕರಿಗೆ 24 ವಾರ ಅರ್ಧದಷ್ಟೇ ಆಹಾರ. ತೂಕ ಸುಮಾರು ಕಾಲುಭಾಗ ಇಳಿಯಿತು. ತೆಳ್ಳಗಾಗಬೇಕೆಂಬ ಆಸೆಯಿಂದ ಅವರು ಅಲ್ಲಿಗೆ ಬಂದವರಲ್ಲ. ಆದರೂ ಹೊತ್ತೆಲ್ಲ ಆಹಾರದ್ದೇ ಯೋಚನೆ ಹತ್ತಿತು, ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆಯಲ್ಲಿದ್ದದ್ದನ್ನು ಚೂರು ಚೂರು ಮಾಡಿ ಬಹಳ ಹೊತ್ತು ತಿನ್ನತೊಡಗಿದರು, ಸ್ನೇಹಿತರಿಂದ ದೂರವಾದರು, ಸಿಡುಕು, ಖಿನ್ನತೆ ಬಂತು. ಊಟ ಮತ್ತೆ ಸಿಕ್ಕ ಮೇಲೂ ಸರಿಹೋಗಲು ತಿಂಗಳುಗಳೇ ಹಿಡಿದವು. ನಿಮ್ಮ ಮಗಳು ಮನೆಯವರಿಗೆಲ್ಲ ಅಡುಗೆ ಮಾಡಿ ಬಡಿಸಿ ತಾನು ಮಾತ್ರ ತಿನ್ನದಿದ್ದರೆ, ಒಂದು ದೋಸೆಗೆ ಮುಕ್ಕಾಲು ಗಂಟೆ ತೆಗೆದುಕೊಂಡರೆ, ಅದನ್ನು ಹಟ ಎಂದುಕೊಳ್ಳಬೇಡಿ. ಅದರಲ್ಲಿ ದೊಡ್ಡ ಪಾಲು ಹಸಿದ ಮಿದುಳಿನ ವರ್ತನೆ. ಆ ಸ್ಥಿತಿಯಲ್ಲಿ ಎಷ್ಟು ಒಳ್ಳೆಯ ಮಾತುಕತೆಯೂ ಒಳಗಿಳಿಯುವುದು ಕಷ್ಟ.

ಹದಿಹರೆಯದವರಿಗೆ ಸದ್ಯ ಹೆಚ್ಚು ಆಧಾರವಿರುವ ಚಿಕಿತ್ಸೆ ಕುಟುಂಬ ಆಧಾರಿತ ಥೆರಪಿ, ಅಂದರೆ ಥೆರಪಿಸ್ಟ್ ನೆರವಿನಿಂದ ಅಪ್ಪ ಅಮ್ಮನೇ ಊಟದ ಹೊಣೆ ಹೊರುವ ವಿಧಾನ. ಇದರ ಬೇರು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿದೆ. 1987ರಲ್ಲಿ ಅಲ್ಲಿನ ರಸೆಲ್, ಡೇರ್, ಐಸ್ಲರ್ ಮತ್ತು ಸಂಗಡಿಗರು 80 ರೋಗಿಗಳ ಅಧ್ಯಯನ ಪ್ರಕಟಿಸಿದರು. ಚಿಕ್ಕ ವಯಸ್ಸಿನಲ್ಲಿ ಶುರುವಾಗಿ ಮೂರು ವರ್ಷ ದಾಟದ ಅನೊರೆಕ್ಸಿಯಾದಲ್ಲಿ, ಒಬ್ಬರೇ ಪಡೆಯುವ ಥೆರಪಿಗಿಂತ ಕುಟುಂಬ ಸಮೇತ ಪಡೆದದ್ದು ಚೆನ್ನಾಗಿ ಫಲಿಸಿತ್ತು. 2010ರಲ್ಲಿ ಜೇಮ್ಸ್ ಲಾಕ್ ಮತ್ತು ಡೇನಿಯಲ್ ಲ ಗ್ರಾಂಜ್ ತಂಡ 121 ಮಕ್ಕಳಲ್ಲಿ ಹೋಲಿಸಿ ನೋಡಿತು. ಚಿಕಿತ್ಸೆ ಮುಗಿದು ಒಂದು ವರ್ಷಕ್ಕೆ ಪೂರ್ತಿ ಚೇತರಿಸಿಕೊಂಡವರು ಕುಟುಂಬದ ವಿಧಾನದಲ್ಲಿ 49%, ಮಗುವಿನೊಡನೆ ಮಾತ್ರ ಮಾತಾಡುವ ವಿಧಾನದಲ್ಲಿ 23%. ಅರ್ಧದಷ್ಟು ಮಕ್ಕಳು ಆ ಮಟ್ಟ ತಲುಪಲಿಲ್ಲ ಎಂಬುದೂ ಈ ಅಂಕಿಯಲ್ಲೇ ಇದೆ, ಅದನ್ನು ನಿಮ್ಮಿಂದ ಮುಚ್ಚಿಡಬಾರದು. ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಕೂಡ ಈ ವಯಸ್ಸಿಗೆ ಮೊದಲು ಹೇಳುವುದು ಕುಟುಂಬ ಥೆರಪಿಯನ್ನೇ: ಒಂದು ವರ್ಷದಲ್ಲಿ 18ರಿಂದ 20 ಭೇಟಿ.

ಅತ್ತೆಯವರ ಮಾತಿಗೂ ಇಲ್ಲೇ ಉತ್ತರವಿದೆ. ಈ ಕಾಯಿಲೆಗೆ ಹೆಸರಿಟ್ಟ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲೇ ಬಂಧುಗಳನ್ನು ಆರೈಕೆಗೆ ತಕ್ಕವರಲ್ಲ ಎಂದಿದ್ದರು, ಆಮೇಲೆ ನೂರು ವರ್ಷ ಮನೆಯವರನ್ನು ಹೊರಗಿಡುವುದೇ ರೂಢಿಯಾಗಿತ್ತು. ಕುಟುಂಬವೇ ಮೂಲ ಕಾರಣ ಎಂಬುದನ್ನು ಇಂದಿನ ಸಂಶೋಧನೆ ಒಪ್ಪುವುದಿಲ್ಲ. 2019ರಲ್ಲಿ ಸುಮಾರು 17,000 ರೋಗಿಗಳ ವಂಶವಾಹಿ ಅಧ್ಯಯನ ಅನೊರೆಕ್ಸಿಯಾಕ್ಕೆ ನಂಟಿರುವ 8 ತಾಣಗಳನ್ನು ಗುರುತಿಸಿತು, ಮನಸ್ಸಿನಷ್ಟೇ ಚಯಾಪಚಯಕ್ಕೂ (ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಗೂ) ಇದರಲ್ಲಿ ಪಾತ್ರವಿರಬೇಕೆಂದು ತೋರಿಸಿತು. ತಪ್ಪು ಯಾರದೆಂದು ಹುಡುಕುವ ಹೊತ್ತನ್ನು ತಟ್ಟೆಯ ಮುಂದೆ ಕಳೆಯಿರಿ.

ಈ ಕುಟುಂಬ ಥೆರಪಿಗೆ ಮೂರು ಹಂತ. ಮೊದಲನೆಯದರಲ್ಲಿ ಏನು, ಎಷ್ಟು, ಯಾವಾಗ ತಿನ್ನಬೇಕೆಂಬ ತೀರ್ಮಾನ ಪೂರ್ತಿ ಅಪ್ಪ ಅಮ್ಮನದು. ಎರಡನೆಯದರಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ಅವಳ ಕೈಗೆ ಬಿಡುವುದು. ಮೂರನೆಯದು ಓದು, ಗೆಳತಿಯರು, ವಯಸ್ಸಿನ ಇತರ ವಿಷಯಗಳು. ಗೆಲುವು ಸೋಲು ಹೆಚ್ಚಾಗಿ ಮೊದಲ ಹಂತದಲ್ಲೇ ತಿಳಿಯುತ್ತದೆ. ಮೊದಲ ನಾಲ್ಕು ವಾರದಲ್ಲಿ ಸುಮಾರು 2 ಕೆಜಿ ಏರಿದವರಿಗೆ ಮುಂದಿನ ದಾರಿ ಸುಗಮ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಏರದಿದ್ದರೆ ಆಗಲೇ ಥೆರಪಿಸ್ಟ್ ಯೋಜನೆ ಬದಲಿಸಬೇಕು, ಆರು ತಿಂಗಳು ನೋಡೋಣ ಎಂದು ಎಳೆಯಬಾರದು.

ಮನೆಯಲ್ಲಿ ಇದು ಹೇಗೆ ನಡೆಯುತ್ತದೆ? ದಿನಕ್ಕೆ ಮೂರು ಊಟ, ಎರಡು ಮೂರು ತಿಂಡಿ, ನಡುವೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲ. ತಟ್ಟೆಗೆ ಹಾಕುವವರು ನೀವು. ಅಡುಗೆಮನೆಗೆ ಅವಳು ಬರುವುದು ಸದ್ಯಕ್ಕೆ ಬೇಡ, ಏಕೆಂದರೆ ಒಗ್ಗರಣೆಯ ಎಣ್ಣೆ ನೋಡಿದೊಡನೆ ಚೌಕಾಸಿ ಶುರುವಾಗುತ್ತದೆ. ಊಟಕ್ಕೆ ಅರ್ಧ ಗಂಟೆ, ತಿಂಡಿಗೆ ಕಾಲು ಗಂಟೆ, ಒಬ್ಬರು ಪಕ್ಕದಲ್ಲೇ ಕೂತು ಜೊತೆಗೇ ತಿನ್ನಬೇಕು. ಆದ ಮೇಲೆ ಒಂದು ಗಂಟೆ ಅವಳೊಬ್ಬಳೇ ಇರದ ಹಾಗೆ ಕೇರಂ, ಟಿವಿ, ಹರಟೆ, ಏನಾದರೂ ಇರಲಿ.

"ಗ್ಯಾಸ್" ಎನ್ನುವುದನ್ನು ನೆಪ ಎಂದು ತಳ್ಳಿಹಾಕಬೇಡಿ. ಅರೆಹೊಟ್ಟೆಯಲ್ಲಿದ್ದವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಉಬ್ಬರ ನಿಜವೇ. ಅದಕ್ಕೆ ಮದ್ದು ಊಟ ಕಡಿಮೆ ಮಾಡುವುದಲ್ಲ, ತಟ್ಟೆಯ ಗಾತ್ರ ಹೆಚ್ಚಿಸದೆ ಸತ್ವ ಹೆಚ್ಚಿಸುವುದು. ನೀರು ಮಜ್ಜಿಗೆ, ತಿಳಿಸಾರು, ಕೋಸಂಬರಿ, ಹಸಿ ತರಕಾರಿ ಹೊಟ್ಟೆಯಲ್ಲಿ ಜಾಗ ಹಿಡಿಯುತ್ತವೆ, ಬಲ ಕೊಡುವುದು ಕಡಿಮೆ. ಅದರ ಬದಲು ಗಟ್ಟಿ ಮೊಸರು, ತುಪ್ಪ ಕಲಸಿದ ಅನ್ನ, ಬೆಣ್ಣೆ ಹಾಕಿದ ದೋಸೆ, ಶೇಂಗಾ ಚಟ್ನಿಪುಡಿ, ಪನೀರು, ಬಾಳೆಹಣ್ಣು ಹಾಲಿನ ರಸಾಯನ, ಎಳ್ಳುಂಡೆ. ಸಸ್ಯಾಹಾರದಲ್ಲೇ ಇದೆಲ್ಲ ಸಾಧ್ಯ. ಊಟ ಕ್ರಮಕ್ಕೆ ಬಂದಂತೆ ಕೆಲವು ವಾರಗಳಲ್ಲಿ ಉಬ್ಬರ ಇಳಿಯುತ್ತದೆ.

"ನನಗೆ ದಪ್ಪಗಾಗುವ ಭಯವೇ ಇಲ್ಲ, ಹೊಟ್ಟೆ ಸರಿಯಿಲ್ಲ ಅಷ್ಟೇ" ಎಂದಳೆಂದು ಇದು ಅನೊರೆಕ್ಸಿಯಾ ಅಲ್ಲವೇನೋ ಎಂಬ ಅನುಮಾನ ಬೇಡ. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1993ರಲ್ಲೇ ಅಲ್ಲಿನ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಆ ಭಯ ಕಾಣಲಿಲ್ಲವೆಂದು ದಾಖಲಿಸಿದ್ದರು. 2013ರಲ್ಲಿ ಬಂದ ರೋಗನಿರ್ಣಯದ ಮಾನದಂಡಗಳು ಭಯವನ್ನು ಬಾಯಿಬಿಟ್ಟು ಹೇಳಲೇಬೇಕೆಂದು ಕೇಳುವುದಿಲ್ಲ.

ಅವಳು ಅಳುತ್ತಾಳೆ, ಕೂಗಾಡುತ್ತಾಳೆ, ತಟ್ಟೆ ಎಸೆಯಲೂಬಹುದು. ಬಾಯಿಗೆ ತುರುಕುವುದು, ಹೊಡೆಯುವುದು, ಹೆದರಿಸುವುದು ಇದರಲ್ಲಿ ಇಲ್ಲವೇ ಇಲ್ಲ. "ಕಷ್ಟ ಅಂತ ಗೊತ್ತು ಕಂದ. ಇದು ನಿನ್ನ ಔಷಧ. ನಾನಿಲ್ಲೇ ಕೂತಿರ್ತೀನಿ" ಎಂಬಷ್ಟೇ ಮಾತು, ಅದೇ ದನಿಯಲ್ಲಿ, ಹತ್ತು ಸಲ. ಕ್ಯಾಲೊರಿ ಲೆಕ್ಕದ ವಾದಕ್ಕೆ ಇಳಿದರೆ ನೀವೇ ಸೋಲುತ್ತೀರಿ. ಇಬ್ಬರಲ್ಲಿ ಒಬ್ಬರು "ಹೋಗಲಿ, ಇವತ್ತು ಅರ್ಧ ಸಾಕು" ಎಂದ ದಿನದಿಂದ ಕಾಯಿಲೆ ಆ ಸಂದಿಯಲ್ಲೇ ನುಗ್ಗುತ್ತದೆ. ಅಜ್ಜಿಯನ್ನೂ ಮೊದಲೇ ಕೂರಿಸಿಕೊಂಡು ಹೇಳಿ. ಕಾವಲು ಕಾಯುವ ಕೆಲಸ ತಮ್ಮನಿಗೋ ತಂಗಿಗೋ ಬೇಡ, ಅವರು ಆಟಕ್ಕೆ, ಸಮಾಧಾನಕ್ಕೆ ಇರಲಿ. ಏಕಾದಶಿ, ಶನಿವಾರ ಒಪ್ಪತ್ತು ಎಲ್ಲವೂ ಈ ವರ್ಷ ಅವಳಿಗಿಲ್ಲ. ನೆಂಟರು "ಈಗ ಮೈ ಕೈ ತುಂಬಿಕೊಂಡಿದ್ದೀಯ" ಅನ್ನದಂತೆ ಮುಂಚೆಯೇ ಎಚ್ಚರಿಸಿ, ಆ ಒಂದು ಮಾತಿಗೆ ವಾರದ ಶ್ರಮ ಹೋಗಬಹುದು. ಮನೆಯ ತೂಕದ ಯಂತ್ರ ತೆಗೆದಿಡಿ, ತೂಕ ನೋಡುವುದು ಥೆರಪಿಸ್ಟ್ ಕೆಲಸ.

ಗುರಿ ತೂಕದಲ್ಲಿ ಅನೇಕರು ಎಡವುತ್ತಾರೆ. ಕಾಯಿಲೆಗೆ ಮುಂಚಿನ ತೂಕ ಬಂದರೆ ಸಾಲದು, ಈ ತಿಂಗಳುಗಳಲ್ಲಿ ಅವಳು ಬೆಳೆಯಬೇಕಿತ್ತಲ್ಲ. ಶಾಲೆಯಲ್ಲಿ, ಮಕ್ಕಳ ಡಾಕ್ಟರ ಹತ್ತಿರ ಇರುವ ಹಳೆಯ ಎತ್ತರ, ತೂಕ ಒಯ್ದು ಬೆಳವಣಿಗೆಯ ನಕ್ಷೆಯಲ್ಲಿ ಅವಳದೇ ರೇಖೆ ಎಲ್ಲಿತ್ತೆಂದು ನೋಡಿಸಿ. ಮುಟ್ಟು ಮರಳುವುದೂ ಒಂದು ಗುರುತು.

ನೀವು ಮಾತ್ರೆ ಬಗ್ಗೆ ಕೇಳಿದ್ದೀರಿ. ಅನೊರೆಕ್ಸಿಯಾವನ್ನೇ ಗುಣಪಡಿಸುವ ಮಾತ್ರೆ ಇಲ್ಲ. ತೂಕ ಮರಳಿದ ಮೇಲೆ ಖಿನ್ನತೆಯ ಮಾತ್ರೆಯಾದ ಫ್ಲುವಾಕ್ಸೆಟಿನ್ ಕೊಟ್ಟು ನೋಡಿದ 2006ರ ಅಧ್ಯಯನದಲ್ಲೂ ಲಾಭ ಕಾಣಲಿಲ್ಲ. ಜೊತೆಗಿರುವ ತೀವ್ರ ಆತಂಕಕ್ಕೋ ಖಿನ್ನತೆಗೋ ವೈದ್ಯರು ಬರೆಯಬಹುದು, ಅದು ಬೇರೆ.

2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೆಂಗಳೂರಿನ 66 ಮನೋವೈದ್ಯರ ಪೈಕಿ ಮೂರರಲ್ಲಿ ಎರಡು ಪಾಲು ಇಂಥ ಕಾಯಿಲೆಯ ಒಬ್ಬರನ್ನಾದರೂ ನೋಡಿದ್ದರು. ಅಂದರೆ ನಮ್ಮಲ್ಲಿ ಇದು ಇದೆ, ಆದರೆ ಪ್ರತಿಯೊಬ್ಬ ಕೌನ್ಸೆಲರಿಗೂ ಅನುಭವ ಇರುತ್ತದೆಂದಲ್ಲ. ನಿಮ್ಹಾನ್ಸ್‌ಗೆ ಒಮ್ಮೆ ತೋರಿಸಿ. ಎಲ್ಲರೂ ಸೇರಿ ಪ್ರತಿವಾರ ಹೋಗಲಾಗದಿದ್ದರೆ ಹೆತ್ತವರು ಮಾತ್ರ ಥೆರಪಿಸ್ಟನ್ನು ಕಾಣುವ ವಿಧಾನವಿದೆ. ಮೆಲ್ಬರ್ನಿನಲ್ಲಿ 107 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕಿತ್ಸೆ ಮುಗಿದಾಗ ಇದರಲ್ಲಿ 43%, ಕುಟುಂಬ ಒಟ್ಟಿಗೆ ಕೂತ ವಿಧಾನದಲ್ಲಿ 22% ಚೇತರಿಸಿಕೊಂಡಿದ್ದರು, ಆರು ತಿಂಗಳಾಚೆ ಆ ಅಂತರ ಸ್ಪಷ್ಟವಾಗಿ ಉಳಿಯಲಿಲ್ಲ. ಮನೆಯಲ್ಲಿ ಬೈಗುಳ, ದೂರು ಹೆಚ್ಚಿದ್ದರೆ ಬೇರೆ ಬೇರೆ ಭೇಟಿಯೇ ಮೇಲು.

ಈಗಿನ ಕೌನ್ಸೆಲರನ್ನು ಮೂರು ವಿಷಯ ಕೇಳಿ: ಪ್ರತಿ ಭೇಟಿಯಲ್ಲಿ ತೂಕ ನೋಡುತ್ತೀರಾ, ಊಟದಲ್ಲಿ ನಮ್ಮ ಪಾತ್ರವೇನು, ನಾಲ್ಕು ವಾರದಲ್ಲಿ ತೂಕ ಏರದಿದ್ದರೆ ಏನು ಮಾಡುತ್ತೀರಿ. ನೇರ ಉತ್ತರ ಬರದಿದ್ದರೆ ಬೇರೆಯವರನ್ನು ಹುಡುಕಿ. ಮಗಳು ಸಾಯುವ ಮಾತಾಡಿದರೆ ಅದನ್ನು ಊಟ ತಪ್ಪಿಸುವ ಬೆದರಿಕೆ ಎಂದು ಭಾವಿಸದೆ ಒಬ್ಬಳನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.